ಹೆಗಲ ಎಲುಬುಗಳ ನಡುವೆ ನೋವೇ? ಸೊಂಟ ಬಾಗಿಸಬೇಡಿ

ಬಳ್ಳಾರಿಯ ಜೀನ್ಸ್ ಹೊಲಿಯುವ ಯೂನಿಟ್ಟುಗಳಿಗೆ ಸಂಜೆ ಹೊತ್ತು ಹೋಗಿ ನೋಡಿ. ಮಷಿನ್ ಬಿಟ್ಟು ಎದ್ದವರು ಸೊಂಟಕ್ಕೆ ಕೈ ಕೊಟ್ಟು ಹಿಂದಕ್ಕೆ ವಾಲುತ್ತಾರೆ. ನೋವಿರುವುದು ಎರಡು ಹೆಗಲ ಎಲುಬುಗಳ ನಡುವೆ, ಬಾಗುವುದು ಮಾತ್ರ ಸೊಂಟ. ಹೀಗೆ ಮಾಡಿದರೆ ಸೊಂಟವೂ ಹಿಡಿದುಕೊಳ್ಳಬಹುದು, ಅಷ್ಟೇ.

ಸೊಂಟ, ಕುತ್ತಿಗೆಗೆ ಹೋಲಿಸಿದರೆ ಮೇಲ್ಬೆನ್ನಿನಲ್ಲಿ ನೋವು ಬರುವುದು ಕಡಿಮೆ. ಅಲ್ಲಿನ 12 ಬೆನ್ನುಮಣಿಗಳಿಗೂ ಪಕ್ಕೆಲುಬು ಸೇರಿಕೊಂಡಿರುವುದರಿಂದ ಅಲುಗಾಟ ಕಡಿಮೆ, ಡಿಸ್ಕ್ ಜಾರಿ ತೊಂದರೆ ಕೊಡುವುದೂ ಅಪರೂಪ. ಬಹುಪಾಲು ನೋವು ಸ್ನಾಯುಗಳದ್ದು. ತಲೆಯೊಂದೇ ಸುಮಾರು 5 ಕೆ.ಜಿ. ತೂಗುತ್ತದೆ. ಸೂಜಿ ನೋಡಲು ಅದು ಮುಂದೆ ಬಂದಷ್ಟೂ ಬೆನ್ನಿನ ಸ್ನಾಯುಗಳು ಅದನ್ನು ಹಿಂದಕ್ಕೆ ಎಳೆದು ಹಿಡಿದಿರಬೇಕು. ಗಂಗಾವತಿ, ಸಿಂಧನೂರು ಕಡೆ ಭತ್ತ ನಾಟಿ ಮಾಡುವವರಿಗೂ, ರಾತ್ರಿಯಿಡೀ ಮೊಬೈಲ್ ನೋಡುವ ಹುಡುಗರಿಗೂ ಇದೇ ಕಾಟ.

ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ. ಬೆನ್ನುನೋವಿನ ಜೊತೆ ಎದೆ ಬಿಗಿತ, ಉಸಿರುಗಟ್ಟುವಿಕೆ, ಬೆವರು ಬಂದರೆ ಅದನ್ನು ಗ್ಯಾಸ್ ಅಂತ ತಳ್ಳಿಹಾಕಬೇಡಿ. ಹೃದಯಾಘಾತವೂ ಹೀಗೆ ಬರಬಹುದು. ತಕ್ಷಣ ಆಸ್ಪತ್ರೆಗೆ ಹೋಗಿ. ಕಾಲಿನ ಬಲ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ, ಬಿದ್ದ ಮೇಲೆ ನೋವು ಶುರುವಾಗಿದ್ದರೆ ಕೂಡ ಅಂದೇ ಹೋಗಿ. ಜ್ವರ, ತೂಕ ಇಳಿಯುವುದು, ರಾತ್ರಿ ಮಲಗಿದರೂ ಬಿಡದ ನೋವು ಇದ್ದರೆ ವೈದ್ಯರಿಗೆ ತೋರಿಸಿ. ಬೆನ್ನುಮೂಳೆಗೆ ಟಿಬಿ ಬಂದರೂ ಹೀಗಾಗುತ್ತದೆ.

ಇದ್ಯಾವುದೂ ಇಲ್ಲ ಅಂದರೆ, ಸೊಂಟ ಬಿಟ್ಟು ಮೇಲ್ಬೆನ್ನನ್ನೇ ಬಾಗಿಸುವ ಒಂದು ವ್ಯಾಯಾಮಕ್ಕೆ ಕುರ್ಚಿ ತೆಗೆದುಕೊಳ್ಳಿ. ಅದರ ಬೆನ್ನಾಸರೆ ನಿಮ್ಮ ಹೆಗಲ ಎಲುಬಿನ ಕೆಳತುದಿಯವರೆಗೆ ಮಾತ್ರ ಬರಬೇಕು. ತೆಳ್ಳನೆಯ ಪ್ಲಾಸ್ಟಿಕ್ ಕುರ್ಚಿ ಬೇಡ, ಹಿಂದಕ್ಕೆ ಪಲ್ಟಿ ಹೊಡೆಯುತ್ತದೆ. ಗೋಡೆಗೆ ತಾಗಿಸಿಟ್ಟರೂ ಬೇಡ, ತಲೆ ಹೋಗಲು ಜಾಗ ಬೇಕು. ಕುಂಡಿಯನ್ನು ಪೂರ್ತಿ ಹಿಂದಕ್ಕೆ ಸರಿಸಿ ಕೂರಿ, ಎರಡೂ ಪಾದ ನೆಲಕ್ಕೆ ಊರಿ.

ಈಗ ಎಲ್ಲರೂ ತಪ್ಪುವ ಜಾಗ. ಬೆರಳು ಹೆಣೆದು ತಲೆಯ ಹಿಂದೆ ಇಡಿ, ಆದರೆ ತಲೆಯನ್ನು ಮುಂದಕ್ಕೆ ಎಳೆಯಬೇಡಿ. ಕೈಗಳು ಅದನ್ನು ಹೊತ್ತಿರಲಿ. ಹೊಟ್ಟೆಯನ್ನು ಸ್ವಲ್ಪ ಒಳಗೆ ಹಿಡಿದು, ಕೆಳಗಿನ ಪಕ್ಕೆಲುಬುಗಳು ಮುಂದಕ್ಕೆ ಉಬ್ಬದಂತೆ ನೋಡಿಕೊಳ್ಳಿ. ಅವು ಉಬ್ಬಿದವೋ, ಸೊಂಟ ಬಾಗಿತು ಅಂತಲೇ ಲೆಕ್ಕ. ಹೆಗಲು ಕಿವಿಯ ಕಡೆ ಏರದಿರಲಿ. ನಿಧಾನ ಉಸಿರು ಬಿಡುತ್ತಾ, ಕುರ್ಚಿಯ ಅಂಚು ತಾಗುವ ಜಾಗದಲ್ಲಿ ಮಾತ್ರ ಹಿಂದಕ್ಕೆ ಬಾಗಿ. ಬಾಗುವುದು ನಾಲ್ಕು ಬೆರಳಿನಷ್ಟಾದರೂ ಸಾಕು. ಹತ್ತು ಸಲ ಮಾಡಿ. ಹಿತವಾದ ಎಳೆತ ಸರಿ, ಚುಚ್ಚಿದರೆ ನಿಲ್ಲಿಸಿ. ಮೂಳೆ ಸವೆದಿರುವ ಹಿರಿಯರು ವೈದ್ಯರನ್ನು ಕೇಳದೆ ಮಾಡಬಾರದು.

ಮಕ್ಕಳಿಂದ ಬೆನ್ನು ತುಳಿಸಿಕೊಳ್ಳುವುದು ಖಂಡಿತ ಬೇಡ. ಬೆನ್ನು ನೆಟ್ಟಗೆ ಮಾಡುತ್ತದೆ ಅಂತ ಮಾರುವ ಬೆಲ್ಟಿಗೂ ದುಡ್ಡು ಸುರಿಯಬೇಡಿ. ಬಿಸಿನೀರಿನ ಚೀಲ ಹಿತ ಕೊಡುತ್ತದೆ.

ಉಳಿದದ್ದು ಕೂರುವ ಜಾಗದ ಕೆಲಸ. ಸ್ಟೂಲನ್ನು ಮಷಿನ್ ಹತ್ತಿರಕ್ಕೆ ಎಳೆದುಕೊಳ್ಳಿ. ಸೂಜಿಯ ಪಕ್ಕದಲ್ಲೇ ಒಂದು ಸಣ್ಣ ಎಲ್‌ಇಡಿ ಬಲ್ಬ್ ಹಾಕಿಸಿ. ಬೆಳಕು ಸಾಲದೇ ಬಗ್ಗುವವರೇ ಜಾಸ್ತಿ. ಅರ್ಧ ಗಂಟೆಗೊಮ್ಮೆ ಒಂದು ನಿಮಿಷ ಎದ್ದು ನಿಲ್ಲಿ. ಪೀಸಿನ ಲೆಕ್ಕದಲ್ಲಿ ಕೂಲಿ ಎಣಿಸುವ ಮಾಲೀಕರು ಆ ಒಂದು ನಿಮಿಷಕ್ಕೆ ಅಡ್ಡಿ ಮಾಡಬಾರದು.