ಗರ್ಭಾವಸ್ಥೆಯಲ್ಲಿ ತೂಕ ಮತ್ತು ರಕ್ತದೊತ್ತಡವನ್ನು ಗಮನಿಸುವ ಕ್ರಮ

ಗರ್ಭ ಧರಿಸುವ ಮೊದಲೇ, ಕಿಲೋಗ್ರಾಂಗಳಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿ ದೇಹ ತೂಕ ಸೂಚ್ಯಂಕವನ್ನು ತಿಳಿದುಕೊಳ್ಳಿ. ಅದು 30 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಗರ್ಭಾವಸ್ಥೆಯಲ್ಲಿ ರಕ್ತದೊತ್ತಡ ಏರುವ ಸಂಭವ ಹೆಚ್ಚು. ತೂಕ ಇಳಿಸಲು ಗರ್ಭ ಧರಿಸುವ ಮೊದಲಿನ ಸಮಯವೇ ಸೂಕ್ತ ಕಾಲ. ಗರ್ಭಿಣಿಯಾದ ಮೇಲೆ ತೂಕ ಇಳಿಸಲೆಂದು ಕಠಿಣ ಪಥ್ಯ ಸಲ್ಲದು.

ಮನೆಯಲ್ಲಿ ರಕ್ತದೊತ್ತಡ ಅಳೆಯುವವರು ಐದು ನಿಮಿಷ ಸುಮ್ಮನೆ ಕುಳಿತು, ಬೆನ್ನಿಗೆ ಆಸರೆ ಕೊಟ್ಟು, ತೋಳನ್ನು ಹೃದಯದ ಮಟ್ಟದಲ್ಲಿ ಇರಿಸಿಕೊಳ್ಳಬೇಕು. ಅನೇಕರು ಕಡೆಗಣಿಸುವುದು ತೋಳಿಗೆ ಸುತ್ತುವ ಪಟ್ಟಿಯ ಅಳತೆಯನ್ನು: ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಒತ್ತಡವು ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ.

ಅಳತೆ 140/90 ಅಥವಾ ಅದಕ್ಕೂ ಮೇಲಿದ್ದರೆ ವೈದ್ಯರಿಗೆ ತಿಳಿಸಿ. 160/110 ಮುಟ್ಟಿದರೆ, ಇಲ್ಲವೇ ತೀವ್ರ ತಲೆನೋವು, ಮಸುಕಾದ ದೃಷ್ಟಿ, ಮೇಲ್ಹೊಟ್ಟೆಯ ನೋವು ಕಾಣಿಸಿಕೊಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.