ಒಬ್ಬರೇ ಕೂರುವ ಸಬ್‌ಮರೀನ್: ತಲೆನೋವು ಮುಳುಗಿಸೋದೇ

ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ನನ್ನದೊಂದು ಫ್ಯಾಬ್ರಿಕೇಶನ್ ಶೆಡ್ ಇದೆ. ಒಬ್ಬರೇ ಕೂರುವ ಸಬ್‌ಮರೀನ್ ಮಾಡುತ್ತೇನೆ ಅಂದಾಗ ಎಲ್ಲರೂ ಕೇಳಿದ್ದು ಒಂದೇ: "ಮುಳುಗಿಬಿಟ್ರೆ ಏನ್ರೀ ಗತಿ?" ನನ್ನ ನಿದ್ದೆ ಕೆಡಿಸಿದ್ದು ಅದು ಮುಳುಗದೇ ಇರುವುದು.

ಖಾಲಿ ಬಿಂದಿಗೆಯನ್ನು ತೊಟ್ಟಿಯಲ್ಲಿ ಅದುಮಿ ನೋಡಿ, ಗೊತ್ತಾಗುತ್ತದೆ. ಎಷ್ಟು ಲೀಟರ್ ನೀರನ್ನು ಪಕ್ಕಕ್ಕೆ ತಳ್ಳುತ್ತದೋ ಅಷ್ಟು ಕಿಲೋ ತೂಕ ಇರಲೇಬೇಕು. 60 ಸೆಂಟಿಮೀಟರ್ ಅಗಲ, 2 ಮೀಟರ್ ಉದ್ದದ ಕೊಳವೆ ಅಂದರೆ ಸುಮಾರು 565 ಲೀಟರ್. ತಗಡು, ಮೋಟಾರು, ಬ್ಯಾಟರಿ, ನಾನು ಎಲ್ಲ ಸೇರಿ 565 ಕಿಲೋ ತೂಗಬೇಕು. ಆರಾಮಾಗಿ ಕೂರೋಣ ಅಂತ ಅಗಲವನ್ನು 90ಕ್ಕೆ ಏರಿಸಿದರೆ 1,270 ಲೀಟರ್. ಹೆಚ್ಚುವರಿ 700 ಕಿಲೋ ಎಲ್ಲಿಂದ ತರೋದು? ತಂದರೂ ಕ್ರೇನ್ ಇಲ್ಲದೆ ಅಲುಗಾಡುವುದಿಲ್ಲ. 60ಕ್ಕೇ ನಿಂತೆ. ಕಾಲು ಚಾಚಿ ಅರ್ಧ ಮಲಗಿದ ಹಾಗೆ ಕೂರಬೇಕು, ತಲೆ ಮಾತ್ರ ಮೇಲಿನ ಅಕ್ರಿಲಿಕ್ ಗುಮ್ಮಟದೊಳಗೆ.

ನೀರಿನ ಒತ್ತಡ ತಡೆಯಲು ಕೊಳವೆಗಿಂತ ಗೋಳವೇ ಗಟ್ಟಿ, ನಿಜ. ಅಷ್ಟೇ ಅಗಲ, ಅಷ್ಟೇ ದಪ್ಪ ಇದ್ದರೂ ಅದರ ತಗಡಿನ ಮೇಲೆ ಬೀಳುವ ಬಿಗಿತ ಕೊಳವೆಯ ಅರ್ಧದಷ್ಟು. ಆದರೆ ಕೊಳವೆಯನ್ನು ನಮ್ಮ ರೋಲಿಂಗ್ ಮಶೀನಿನಲ್ಲೇ ಸುತ್ತಬಹುದು, ನೀರಿನಲ್ಲೂ ಸಲೀಸಾಗಿ ಸಾಗುತ್ತದೆ. ಕೊಳವೆ ಒಡೆಯುವುದಕ್ಕಿಂತ ಮೊದಲು ನೆಗ್ಗುತ್ತದೆ. ಅದಕ್ಕೇ ದಪ್ಪ ತಗಡಿಗಿಂತ ಒಳಗೆ ರಿಂಗ್ ಬೆಸೆದು, ದುಂಡು ಕೆಡದ ಹಾಗೆ ನೋಡಿಕೊಂಡೆ. ತುದಿಗಳಿಗೆ ಬಾಯ್ಲರ್‌ಗೆ ಹಾಕುವಂಥ ಡಿಶ್ ಎಂಡ್, ಅಂದರೆ ಉಬ್ಬಿದ ಮುಚ್ಚಳ. 30 ಮೀಟರ್ ಆಳದಲ್ಲಿ ಒಂದೊಂದರ ಮೇಲೂ ಎಂಟೂವರೆ ಟನ್ ಕೂರುತ್ತದೆ. ಲೆಕ್ಕ ಹಾಕಿದ್ದು ಆ ಆಳಕ್ಕೆ, ನಾನು ಇಳಿಯುವುದು 10 ಮೀಟರ್ ಒಳಗೆ.

ಬ್ಯಾಟರಿಗೆ ಲಿಥಿಯಂ ಹಾಕು ಅಂದವರೇ ಜಾಸ್ತಿ. ತೂಕವೇ ಬೇಕಾದ ಕಡೆ ಹಗುರ ಬ್ಯಾಟರಿಗೆ ಯಾಕೆ ದುಡ್ಡು ಸುರಿಯಬೇಕು? ಲೆಡ್ ಆಸಿಡ್ ಹಾಕಿದೆ. ತಳದಲ್ಲಿರುವುದರಿಂದ ಹೊಟ್ಟೆ ಮೇಲಾಗಿ ಮಗುಚುವುದಿಲ್ಲ. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಹಾಗಾಗಿ ಕೆಳಗೆ ಬೇರೆ ಕೊಳವೆಯಲ್ಲಿಟ್ಟೆ.

ಉಸಿರಾಟದ ವಿಷಯದಲ್ಲಿ ಆಮ್ಲಜನಕಕ್ಕಿಂತ ಮೊದಲು ಕಾಡುವುದು ಕಾರ್ಬನ್ ಡೈಆಕ್ಸೈಡ್. ಅದನ್ನು ಹೀರಿಕೊಳ್ಳಲು ಸೋಡಾ ಲೈಮ್ ಡಬ್ಬಿ, ಚಿಕ್ಕ ಫ್ಯಾನ್ ಸಾಕು. ಅಪಾಯ ಬಂದರೆ ಕಳಚಿ ಬೀಳಿಸುವ ತೂಕಕ್ಕೆ ಸ್ವಿಚ್ ಇಡಲಿಲ್ಲ, ಕೈಯಿಂದ ಎಳೆಯುವ ಲಿವರ್ ಇಟ್ಟೆ. ಕರೆಂಟ್ ನಂಬಿ ನೀರಿಗಿಳಿಯೋದು ಬೇಡ ಅಲ್ವಾ?

ಪಾಂಡವಪುರದ ಕಡೆ ಗೆಳೆಯರೊಬ್ಬರ ಹಳೇ ಕ್ವಾರಿಯಲ್ಲಿ ನೀರು ನಿಂತಿದೆ. ಮೊದಲು ನನ್ನ ತೂಕದ ಮರಳು ಮೂಟೆ ಕೂರಿಸಿ, ಹಗ್ಗ ಕಟ್ಟಿ ತಳ ಮುಟ್ಟಿಸಿದೆ. ಆಮೇಲೆ ನಾನು ಕೂತೆ.

ಈಗ ಆ ಗೆಳೆಯರು ಕಾರವಾರಕ್ಕೆ ಒಯ್ಯೋಣ ಅಂತಿದ್ದಾರೆ. ಸಮುದ್ರದ ನೀರು ಸುಮಾರು ಎರಡೂವರೆ ಪರ್ಸೆಂಟ್ ಭಾರ. ದೊಡ್ಡ ಕೊಳವೆ ಒಂದಕ್ಕೇ ಇನ್ನೂ 14 ಕಿಲೋ ಸೀಸ ಸೇರಿಸಬೇಕು, ಇಲ್ಲವೇ ನಾನೇ ಅಷ್ಟು ದಪ್ಪ ಆಗಬೇಕು.