ಆಷಾಢದ ಗಾಳಿಗೆ ಪವರ್ ಕೈಟ್: ಬಗ್ಗಿ ಎಳೆಯುವ ಪಟವನ್ನು ಆರಿಸುವುದು, ಹಾರಿಸುವುದು ಹೇಗೆ?

ಆಷಾಢದಲ್ಲಿ ಬೆಂಗಳೂರಿನವರು ಗಾಳಿಗಾಗಿ ಕಾಯಬೇಕಾಗಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಮುಂಗಾರಿನ ಪಡುವಣ ಗಾಳಿ ಹೊತ್ತೇರಿದಂತೆ ಬಲ ಪಡೆದು ಸಂಜೆಯವರೆಗೂ ಬೀಸುತ್ತದೆ. ದೊಡ್ಡಬಳ್ಳಾಪುರದ ಗಾಳಿಪಟ ಉತ್ಸವ ಸಂಕ್ರಾಂತಿ ಬಿಟ್ಟು ಆಷಾಢದಲ್ಲಿ ನಡೆಯುವುದು ಈ ಗಾಳಿಯನ್ನು ನಂಬಿಕೊಂಡೇ. ಇದೇ ಗಾಳಿಯಲ್ಲಿ ಬಗ್ಗಿ ಎಂಬ ಮೂರು ಚಕ್ರದ ತಗ್ಗು ಗಾಡಿಯಲ್ಲಿ ಕುಳಿತು, ಕೈಯಲ್ಲಿ ಹಿಡಿದ ಪಟದ ಎಳೆತದಿಂದಲೇ ಬಯಲು ಸುತ್ತಬಹುದು. ಎಂಜಿನ್ ಇಲ್ಲ, ಪೆಟ್ರೋಲ್ ಇಲ್ಲ. ಈ ಆಟಕ್ಕೆ ಕೈಟ್ ಬಗ್ಗಿಯಿಂಗ್ ಎಂದು ಹೆಸರು.

ಪಟಕ್ಕೆ ಗಾಡಿ ಕಟ್ಟುವ ಯೋಚನೆ ಹಳೆಯದು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಶಾಲಾ ಮಾಸ್ತರರಾಗಿದ್ದ ಜಾರ್ಜ್ ಪೊಕಾಕ್ 1826ರಲ್ಲೇ ಅಂಥ ಗಾಡಿಗೆ ಪೇಟೆಂಟ್ ಪಡೆದಿದ್ದರು. ಇವತ್ತಿನ ಬಗ್ಗಿಗೆ ರೂಪ ಕೊಟ್ಟವರು ನ್ಯೂಜಿಲೆಂಡಿನ ಪೀಟರ್ ಲಿನ್, 1990ರ ಆಸುಪಾಸಿನಲ್ಲಿ. ಪಟಕ್ಕೆ ಮೂಲವಾದದ್ದು 1960ರ ದಶಕದಲ್ಲಿ ಅಮೆರಿಕದ ಡೊಮಿನಾ ಜಾಲ್ಬರ್ಟ್ ರೂಪಿಸಿದ ಪ್ಯಾರಾಫಾಯಿಲ್. ಇದರಲ್ಲಿ ಬಿದಿರು ಕಡ್ಡಿಯೂ ಇಲ್ಲ, ಬಾಲಂಗೋಚಿಯೂ ಇಲ್ಲ. ಎರಡು ಪದರ ಬಟ್ಟೆಯ ನಡುವೆ ಸಾಲು ಸಾಲು ಚೀಲಗಳಿರುತ್ತವೆ. ಮುಂಭಾಗದ ಬಾಯಿಯಿಂದ ಗಾಳಿ ತುಂಬಿಕೊಂಡು ಪಟ ತಾನೇ ರೆಕ್ಕೆಯ ಆಕಾರಕ್ಕೆ ಉಬ್ಬುತ್ತದೆ.

ಮೊದಲು ಅಳತೆ, ಆಮೇಲೆ ಬೆಲೆ

ದುಡ್ಡು ಉಳಿಸುವ ದಾರಿಯೂ ಮೈ ಉಳಿಸುವ ದಾರಿಯೂ ಇಲ್ಲಿ ಒಂದೇ: ಸಣ್ಣ ಪಟ ಕೊಳ್ಳಿ. ಅರವತ್ತರಿಂದ ಎಂಬತ್ತು ಕಿಲೊ ತೂಕದವರಿಗೆ 3 ಚದರ ಮೀಟರಿನ, ನಾಲ್ಕು ದಾರದ ಪಟ ಸಾಕು. ಗಾಳಿ ಗಂಟೆಗೆ 18ರಿಂದ 28 ಕಿ.ಮೀ. ಇದ್ದರೆ ಗಟ್ಟಿ ನೆಲದಲ್ಲಿ ಅದು ಬಗ್ಗಿಯನ್ನು ಆರಾಮಾಗಿ ಎಳೆಯುತ್ತದೆ. ಇನ್ನಷ್ಟು ದುಡ್ಡು ಕೊಟ್ಟರೆ 5 ಮೀಟರಿನದೇ ಸಿಗುತ್ತದಲ್ಲ ಎಂದು ಆಸೆಪಡಬೇಡಿ. ಗಾಳಿಯ ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟಾಗುತ್ತದೆ. 20 ಕಿ.ಮೀ. ಇದ್ದ ಗಾಳಿ ಒಂದು ರಭಸಕ್ಕೆ 28ಕ್ಕೆ ಏರಿದರೂ ಸಾಕು, ಎಳೆತ ಹೆಚ್ಚುಕಡಿಮೆ ಇಮ್ಮಡಿ. ಮಳೆಮೋಡ ದಾಟುವಾಗ ನಮ್ಮಲ್ಲಿ ಇಂಥ ರಭಸ ತೀರಾ ಮಾಮೂಲು.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವುದೂ ಲೆಕ್ಕಕ್ಕೆ ಬರುತ್ತದೆ. ಇಲ್ಲಿನ ಗಾಳಿ ತೆಳು. ಅದೇ ವೇಗದ ಗಾಳಿಗೆ ಅದೇ ಪಟ ಕರಾವಳಿಗಿಂತ ಶೇ 8ರಷ್ಟು ಕಡಿಮೆ ಎಳೆಯುತ್ತದೆ. ಇಲ್ಲಿ ಕಲಿತು ಮಲ್ಪೆಗೋ ಕಾರವಾರಕ್ಕೋ ಹೋದವರಿಗೆ ಮೊದಲ ದಿನ ಪಟ ಯಾಕೋ ಜೋರಾಗಿದೆ ಅನ್ನಿಸಿದರೆ ಅದು ಬರೀ ಭ್ರಮೆಯಲ್ಲ.

ಎರಡು ದಾರದ ಪಟ ಅಗ್ಗ, ಕೈ ಪಳಗಿಸಲು ಒಳ್ಳೆಯದು. ಆದರೆ ಅದಕ್ಕೆ ಬ್ರೇಕಿಲ್ಲ, ಬೇಕೆಂದಲ್ಲಿ ಇಳಿಸುವುದು ಕಷ್ಟ. ಬಗ್ಗಿಗೆ ಎಂದೇ ಕೊಳ್ಳುವುದಾದರೆ ಎರಡು ಹಿಡಿ, ನಾಲ್ಕು ದಾರದ್ದನ್ನೇ ಕೊಳ್ಳಿ. ಹಿಡಿಯ ಮೇಲ್ತುದಿಯ ದಾರ ಎಳೆತಕ್ಕೆ, ಕೆಳತುದಿಯದು ಬ್ರೇಕಿಗೆ. ಎಚ್‌ಕ್ಯು ಬೀಮರ್, ಪಿಕೆಡಿ ಬಸ್ಟರ್ ಇಂಥ ಕಲಿಯುವವರ ಪಟಗಳು. ಹೊಸದು ಸಿಗದಿದ್ದರೆ ಇವುಗಳ ಹಳೆಯ ಮಾದರಿ ಹುಡುಕಬಹುದು. ಉದ್ದಕ್ಕೆ ಚಾಚಿಕೊಂಡ ತೆಳ್ಳನೆಯ ಪಟಗಳು ಸ್ಪರ್ಧೆಯವರಿಗೆ. ಅವು ವೇಗವಾಗಿ ಹೋಗುತ್ತವೆ, ಅಷ್ಟೇ ಬೇಗ ಮುದುಡಿಕೊಂಡು ಬೀಳುತ್ತವೆ. ಹೊರದೇಶದಿಂದ ತರಿಸುವಾಗ ಕಸ್ಟಮ್ಸ್ ಸುಂಕ, ಜಿಎಸ್‌ಟಿ, ಸಾಗಣೆ ಮೂರನ್ನೂ ಕೂಡಿಸಿಯೇ ಬೆಲೆ ಹೋಲಿಸಿ. ಅಗ್ಗವಾಗಿ ಕಂಡದ್ದು ಮನೆ ಬಾಗಿಲಿಗೆ ಬರುವಷ್ಟರಲ್ಲಿ ಅಗ್ಗವಾಗಿ ಉಳಿದಿರುವುದಿಲ್ಲ.

ಸೆಕೆಂಡ್ ಹ್ಯಾಂಡ್ ಪಟವನ್ನು ನಾನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ, ನೋಡಿ ತೆಗೆದುಕೊಳ್ಳಬೇಕು ಅಷ್ಟೆ. ಬಟ್ಟೆಯನ್ನು ಕೈಯಲ್ಲಿ ಹಿಸುಕಿದರೆ ಹೊಸ ನೋಟಿನ ಹಾಗೆ ಗರಗರ ಎನ್ನಬೇಕು. ತುಟಿಗೆ ಒತ್ತಿಕೊಂಡು ಊದಿ ನೋಡಿ. ಉಸಿರು ಆ ಕಡೆ ದಾಟಿದರೆ ಬಟ್ಟೆಯ ಲೇಪ ಹೋಗಿದೆ, ಆ ಪಟ ಏಳುವುದಿಲ್ಲ. ಸೂತ್ರದ ಎಳೆಗಳು ಪಟಕ್ಕೆ ಸೇರುವ ಕುಣಿಕೆಗಳಲ್ಲಿ ಹೊಲಿಗೆ ಬಿಟ್ಟಿದೆಯೇ ಎಂದು ಒಂದೊಂದಾಗಿ ನೋಡಿ. ಪಟವನ್ನು ನಡುವಿಗೆ ಮಡಚಿ ಎಡಬಲದ ಎಳೆಗಳನ್ನು ಒಟ್ಟಿಗೆ ಹಿಡಿದರೆ ಜೋಡಿ ಜೋಡಿ ಒಂದೇ ಉದ್ದ ಬರಬೇಕು. ಸಣ್ಣ ಹರುಕು ದೊಡ್ಡ ದೋಷವಲ್ಲ, ಟೇಪು ಹಚ್ಚಿ ಹೊಲಿದರೆ ಆಯಿತು. ಎಳೆಗಳ ಅಳತೆ ಕೆಟ್ಟಿದ್ದರೆ ಮಾತ್ರ ಬಿಟ್ಟುಬಿಡಿ.

ದಾರ ಡೈನೀಮಾ ಎಂಬ, ಹಿಗ್ಗದ ಗಟ್ಟಿ ಸಿಂಥೆಟಿಕ್ ನೂಲಿನದ್ದಾಗಿರಲಿ, ಉದ್ದ 20ರಿಂದ 25 ಮೀಟರ್. ನೈಲಾನ್ ಹಿಗ್ಗುತ್ತದೆ. ನೀವು ಎಳೆದದ್ದು ಪಟಕ್ಕೆ ತಡವಾಗಿ ಮುಟ್ಟುತ್ತದೆ. ಮಾಂಜಾದ ಮಾತೇ ಬೇಡ.

ಜಾಗ, ಕಾನೂನು, ಗಾಳಿ

ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ನೈಲಾನ್ ಮತ್ತು ಸಿಂಥೆಟಿಕ್ ಮಾಂಜಾವನ್ನು ನಿಷೇಧಿಸಿತು. ಬೈಕ್ ಸವಾರರ ಕತ್ತು ಕುಯ್ದ, ಹದ್ದುಗಳ ರೆಕ್ಕೆ ಕತ್ತರಿಸಿದ ದಾರದ ಮೇಲಿನ ಆ ನಿಷೇಧ ಸರಿಯಾದದ್ದೇ. ಡೈನೀಮಾಕ್ಕೆ ಗಾಜಿನ ಪುಡಿ ಇಲ್ಲ, ಆದರೆ ಅದೂ ಸಿಂಥೆಟಿಕ್. ಆದ್ದರಿಂದ ಬೀದಿ, ಪಾರ್ಕು, ಮಹಡಿ ಇವೆಲ್ಲ ಈ ಪಟದ ಜಾಗವಲ್ಲ. ಬೇಲಿ ಇರುವ ಖಾಸಗಿ ಬಯಲನ್ನು ಮಾಲೀಕರ ಒಪ್ಪಿಗೆ ಪಡೆದು ಹಿಡಿಯಿರಿ. ಸ್ಥಳೀಯ ಪೊಲೀಸ್ ಠಾಣೆಗೆ ಹೋಗಿ ದಾರವನ್ನೇ ತೋರಿಸಿ ವಿಚಾರಿಸಿ. ಬೇಡ ಎಂದರೆ ಅಲ್ಲಿ ಹಾರಿಸಬೇಡಿ. 1934ರ ವಿಮಾನ ಕಾಯ್ದೆಯ ವ್ಯಾಖ್ಯೆಯಲ್ಲಿ ಗಾಳಿಪಟವೂ ಸೇರಿತ್ತು ಎನ್ನುವುದು ಅನೇಕರಿಗೆ ತಿಳಿದಿಲ್ಲ. ದೇವನಹಳ್ಳಿ, ಎಚ್‌ಎಎಲ್, ಯಲಹಂಕ ವಾಯುನೆಲೆ, ಜಕ್ಕೂರು ಈ ನಾಲ್ಕರ ಸುತ್ತಮುತ್ತಲ ಬಯಲುಗಳನ್ನು ಯೋಚನೆಯಿಂದಲೇ ತೆಗೆದುಹಾಕಿ. ಕರೆಂಟಿನ ತಂತಿ ಹತ್ತಿರ ಇರುವ ಕಡೆಯೂ ಬೇಡ. ಹೈಟೆನ್ಷನ್ ಲೈನಿಗೆ ಒದ್ದೆ ದಾರ ತಗುಲಿದರೆ ಜೀವಕ್ಕೇ ಸಂಚಕಾರ.

ಬಯಲಿನ ಪಡುವಣ ಬದಿ ತೆರೆದಿರಬೇಕು. ಹತ್ತು ಮೀಟರ್ ಎತ್ತರದ ನೀಲಗಿರಿ ತೋಪಿದ್ದರೆ ಅದರಾಚೆ ನೂರು ಮೀಟರಿನವರೆಗೂ ಗಾಳಿ ಕದಡಿಹೋಗಿರುತ್ತದೆ. ಅಂಥಲ್ಲಿ ಪಟ ಒಮ್ಮೆ ಸತ್ತು ಬಿದ್ದು, ಮರುಕ್ಷಣ ಭುಜ ಕಿತ್ತುಬರುವಂತೆ ಎಳೆಯುತ್ತದೆ. ನಗರದೊಳಗಿನ ಆಟದ ಮೈದಾನಗಳು ಇದಕ್ಕೆ ಒಗ್ಗದಿರುವುದು ಈ ಕಾರಣಕ್ಕೇ.

ಗಾಳಿ ಎಷ್ಟಿದೆ ಎಂದು ಮನೆಯಲ್ಲೇ ತಿಳಿಯಬಹುದು. ವಿಮಾನ ನಿಲ್ದಾಣಗಳ ಹವಾಮಾನ ವರದಿ ಎಲ್ಲರಿಗೂ ಸಿಗುತ್ತದೆ. ಅದರಲ್ಲಿ 26012 ಎಂದಿದ್ದರೆ ಗಾಳಿ 260 ಡಿಗ್ರಿಯಿಂದ, ಅಂದರೆ ಪಡುವಣದಿಂದ, 12 ನಾಟ್ ವೇಗದಲ್ಲಿದೆ ಎಂದರ್ಥ. ಒಂದು ನಾಟ್ ಎಂದರೆ ಗಂಟೆಗೆ 1.85 ಕಿ.ಮೀ., ಹಾಗಾಗಿ ಗಂಟೆಗೆ 22 ಕಿ.ಮೀ. ನಿಮ್ಮ 3 ಮೀಟರಿನ ಪಟಕ್ಕೆ ಹೇಳಿಮಾಡಿಸಿದ ಗಾಳಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಮುಂಚಿನ ಗಾಳಿಗೆ ಮಾತ್ರ ಪಟ ಬಿಚ್ಚಲೇಬೇಡಿ.

ನಿಂತು ಹಾರಿಸುವುದು

ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಪಟ ನಿಮ್ಮೆದುರು, ದಾರದುದ್ದಕ್ಕೂ ದೂರದಲ್ಲಿ, ಸೂತ್ರ ಮೇಲೆ ಮಾಡಿ ಅಂಗಾತ ಮಲಗಿರಲಿ. ಬ್ರೇಕಿನ ದಾರ ಕಟ್ಟುವ ಹಿಂಬದಿಯ ಅಂಚು ನಿಮ್ಮ ಕಡೆಗಿರಬೇಕು. ಆ ಅಂಚಿನ ಮೇಲೆ ನಾಲ್ಕಾರು ಹಿಡಿ ಮಣ್ಣು ಹಾಕಿ, ಕಲ್ಲು ಬೇಡ, ಬಟ್ಟೆ ಹರಿಯುತ್ತದೆ. ಪಟದಿಂದ ನಿಮ್ಮತ್ತ ದಾರ ಬಿಚ್ಚುತ್ತ ಬನ್ನಿ. ಹಿಡಿಗಳಿಗೆ ಕಟ್ಟುವ ಮುಂಚೆ ನಾಲ್ಕೂ ದಾರವನ್ನು ಒಂದೇ ಗೂಟಕ್ಕೆ ಸಿಕ್ಕಿಸಿ ಎಳೆದು ಉದ್ದ ಸಮ ಇದೆಯೇ ನೋಡಿ. ಎರಡು ಬೆರಳು ವ್ಯತ್ಯಾಸವಿದ್ದರೂ ಪಟ ಒಂದೇ ಕಡೆಗೆ ವಾಲುತ್ತದೆ.

ಮಣಿಕಟ್ಟಿಗೆ ಕಟ್ಟುವ ಸುರಕ್ಷಾ ಪಟ್ಟಿಗಳು ಬ್ರೇಕಿನ ದಾರಕ್ಕೆ ಸೇರಿರುತ್ತವೆ. ಕೈ ಬಿಟ್ಟ ತಕ್ಷಣ ಎಳೆತವೆಲ್ಲ ಬ್ರೇಕಿನ ಮೇಲೆ ಬಿದ್ದು ಪಟ ಒದ್ದೆ ಬಟ್ಟೆಯಂತೆ ಕುಸಿಯುತ್ತದೆ. ಅವಿಲ್ಲದೆ ಹಾರಿಸಬೇಡಿ. ಹಿಡಿಗಳನ್ನು ಮೈಗೆ ಕಟ್ಟಿಕೊಳ್ಳಲಂತೂ ಬೇಡ.

ಈಗ ಒಂದು ಹೆಜ್ಜೆ ಹಿಂದಿಟ್ಟು ಮೇಲಿನ ದಾರಗಳನ್ನು ಬಿಗಿ ಮಾಡಿ. ಅಂಚಿನ ಮಣ್ಣು ಉದುರಿ, ಚೀಲಗಳು ಪಟಪಟನೆ ತುಂಬಿ, ಪಟ ನೆಟ್ಟಗೆ ಎದ್ದುಬರುತ್ತದೆ. ಎದ್ದು ಹಿಂದಕ್ಕೇ ಬಿದ್ದರೆ ಬ್ರೇಕಿನ ದಾರ ಬಿಗಿಯಾಗಿದೆ, ಒಂದು ಗಂಟು ಸಡಿಲಿಸಿ. ಪಟ ನೆತ್ತಿಯ ಮೇಲೆ ನಿಂತಾಗ ಎಳೆತದ ದಾರ ಬಿಗಿದಿದ್ದು, ಬ್ರೇಕಿನ ದಾರ ನಡುವೆ ತುಸು ಜೋತು ಬಿದ್ದಿದ್ದರೆ ಹೊಂದಿಕೆ ಸರಿ ಇದೆ.

ಕೈಗಳು ಹೊಟ್ಟೆಯ ಹತ್ತಿರವೇ ಇರಲಿ. ಎಡಗೈ ಎಳೆದರೆ ಎಡಕ್ಕೆ, ಬಲಗೈ ಎಳೆದರೆ ಬಲಕ್ಕೆ. ಕೈ ಮೇಲೆತ್ತಿ ತಿರುಗಿಸಿದರೆ ಏನೂ ಆಗುವುದಿಲ್ಲ. ನೆತ್ತಿಯ ಮೇಲೆ 12 ಗಂಟೆ ಎಂದಿಟ್ಟುಕೊಂಡರೆ ಮೊದಮೊದಲು 10 ಮತ್ತು 2ರ ನಡುವೆ, ಎತ್ತರದಲ್ಲೇ ಅಡ್ಡಾಡಿಸಿ. ನಿಮ್ಮ ನೇರ ಎದುರಿಗೆ, ಕೆಳಗೆ, ಗಾಳಿಯ ಪೂರ್ತಿ ಬಲವಿರುತ್ತದೆ. ಅಲ್ಲಿ ಪಟ ಗೋತಾ ಹೊಡೆದರೆ ನಿಂತ ಕಾಲು ಕಿತ್ತುಬರುತ್ತದೆ. ಒಂದೇ ಕಡೆಗೆ ಎರಡು ಸುತ್ತು ಸುತ್ತಿ ದಾರ ಹೆಣೆದುಕೊಂಡರೆ ಗಾಬರಿ ಬೇಡ, ಪಟ ಆಗಲೂ ಮಾತು ಕೇಳುತ್ತದೆ. ಎದುರು ದಿಕ್ಕಿಗೆ ಅಷ್ಟೇ ಸುತ್ತಿ. ಇಳಿಸಬೇಕೆಂದಾಗ ಎರಡೂ ಹಿಡಿಗಳ ಕೆಳತುದಿಯನ್ನು ಒಟ್ಟಿಗೆ ಎಳೆಯಿರಿ, ಪಟ ಹಿಮ್ಮುಖವಾಗಿ ನೆಲಕ್ಕೆ ಬರುತ್ತದೆ. ಕೂಡಲೇ ಹಿಡಿಗಳನ್ನು ಬ್ರೇಕಿನ ಕಡೆಯಿಂದ ಗೂಟಕ್ಕೆ ಸಿಕ್ಕಿಸಿ. ಬಿಗಿದ ದಾರವನ್ನು ಬರಿಗೈಯಲ್ಲಿ ಮುಟ್ಟಬೇಡಿ.

ಎಲ್ಲಕ್ಕಿಂತ ಹೆಚ್ಚು ಅಭ್ಯಾಸ ಬೇಕಾಗಿರುವುದು ಕೈ ಬಿಡುವುದಕ್ಕೆ. ರಭಸದ ಗಾಳಿ ಮೈಯನ್ನು ಎತ್ತಿದರೆ ಬೆರಳುಗಳು ತಾವಾಗಿ ಇನ್ನೂ ಬಿಗಿಯಾಗುತ್ತವೆ. ಅದು ದೇಹದ ಸ್ವಭಾವ, ಬುದ್ಧಿಯಿಂದ ಗೆಲ್ಲಲಾಗದು. ಆದ್ದರಿಂದ ಮೆಲುಗಾಳಿಯ ದಿನ ಗೆಳೆಯರೊಬ್ಬರನ್ನು ಹಿಂದೆ ನಿಲ್ಲಿಸಿಕೊಳ್ಳಿ. ಅವರು ಹೇಳದೆ ಕೇಳದೆ ‘ಬಿಡು’ ಎಂದು ಕೂಗಿದೊಡನೆ ಎರಡೂ ಹಿಡಿ ಬಿಡಬೇಕು. ಯೋಚಿಸದೆ ಬಿಡುವುದು ರೂಢಿಯಾಗುವವರೆಗೆ, ಮತ್ತು ಪಟವನ್ನು ನೋಡದೆ ದಾರದ ಎಳೆತದಿಂದಲೇ ಅದು ಎಲ್ಲಿದೆ ಎಂದು ತಿಳಿಯುವವರೆಗೆ, ಬಗ್ಗಿಗೆ ಕೂರಬೇಡಿ. ಗಾಡಿಯಲ್ಲಿ ಕಣ್ಣು ದಾರಿಯ ಮೇಲಿರಬೇಕಾಗುತ್ತದೆ.

ಬಗ್ಗಿಯ ಮೇಲೆ

ಬಗ್ಗಿಗೆ ಬ್ರೇಕಿಲ್ಲ. ಮುಂದಿನ ಚಕ್ರವನ್ನು ಪಾದಗಳಿಂದ ತಿರುಗಿಸಬೇಕು. ಇದನ್ನು ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಪೈಪಿನಿಂದ ಮಾಡಿಸಬಹುದು, ಆದರೆ ಚೌಕಟ್ಟಿನ ಲೆಕ್ಕ ಬಲ್ಲವರೇ ಮಾಡಬೇಕು. ಬೆಂಗಳೂರಿನವರಿಗೆ ಒಂದು ಅನುಕೂಲವಿದೆ. ಸಾಮಾನ್ಯ ಬಗ್ಗಿಯ ಚಕ್ರಕ್ಕೂ ನಮ್ಮ ಆಟೊರಿಕ್ಷಾಕ್ಕೂ ಟೈರಿನ ಅಳತೆ ಒಂದೇ, 4.00-8. ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಸಿಗುತ್ತದೆ. ರಿಮ್ ಮಾತ್ರ ಆಟೊದ್ದು ಆಗುವುದಿಲ್ಲ, ಬೇರಿಂಗ್ ಕೂರುವ ತಳ್ಳುಗಾಡಿಯ ರಿಮ್ ಬೇಕು. 20 ಮಿ.ಮೀ. ಆಕ್ಸೆಲ್‌ಗಾದರೆ 6204 ಬೇರಿಂಗ್. ಆಟೊ ಟೈರು ಭಾರ ನಿಜ, ಆದರೆ ಒಣಗಿದ ಕೆರೆಯಂಗಳದ ಜಾಲಿ ಮುಳ್ಳಿಗೆ ತಳ್ಳುಗಾಡಿಯ ತೆಳು ಟೈರಿಗಿಂತ ಅದೇ ವಾಸಿ.

ಹೆಲ್ಮೆಟ್, ಗಟ್ಟಿ ಶೂ ಹಾಕಿಕೊಂಡು, ಪಟವನ್ನು ನೆತ್ತಿಯ ಮೇಲೆ ನಿಲ್ಲಿಸಿಕೊಂಡೇ ಕುಳಿತುಕೊಳ್ಳಿ. ಬಗ್ಗಿಯ ಮೂತಿ ಗಾಳಿಗೆ ಅಡ್ಡಲಾಗಿರಲಿ. ಬಲಕ್ಕೆ ಹೋಗಬೇಕಿದ್ದರೆ ಪಟವನ್ನು ಬಲಕ್ಕೆ ಇಳಿಸಿ. ಮೊದಲು ತುಸು ಗಾಳಿ ಹೋಗುವ ಕಡೆಗೆ ತಿರುಗಿ ವೇಗ ಹಿಡಿದು, ಆಮೇಲೆ ಅಡ್ಡಕ್ಕೆ ತನ್ನಿ. ನಿಲ್ಲಿಸಲು ಪಟವನ್ನು ನೆತ್ತಿಗೆ ತಂದು ಗಾಡಿಯನ್ನು ಗಾಳಿಗೆ ಎದುರಾಗಿ ತಿರುಗಿಸಿ. ಏನೇ ಆದರೂ ಕಾಲನ್ನು ನೆಲಕ್ಕೆ ಊರಬೇಡಿ. ಹಿಂದಿನ ಆಕ್ಸೆಲ್ ಅದರ ಮೇಲೆ ಹತ್ತಿಬರುತ್ತದೆ.

ಆಷಾಢ ಕಳೆದು ಇಲ್ಲಿ ಗಾಳಿ ಸತ್ತ ಮೇಲೆ ಕರಾವಳಿಯ ಸರದಿ. ಮುಂಗಾರಿನಲ್ಲಿ ಕಡಲು ದಡವನ್ನು ತಿನ್ನುತ್ತಿರುತ್ತದೆ, ಆಗ ಹೋಗಬಾರದು. ಅಕ್ಟೋಬರ್ ಮುಗಿದ ಮೇಲೆ ಮಧ್ಯಾಹ್ನ ಕಡಲಿನಿಂದ ನೆಲದತ್ತ ಗಾಳಿ ಬೀಸುತ್ತದೆ. ನಮ್ಮ ಕಡಲ ತೀರ ಬಹುಮಟ್ಟಿಗೆ ಉತ್ತರ ದಕ್ಷಿಣವಾಗಿರುವುದರಿಂದ ಆ ಗಾಳಿ ದಡಕ್ಕೆ ಅಡ್ಡ ಬರುತ್ತದೆ. ಅದರಲ್ಲಿ ಹೋದ ದಾರಿಯಲ್ಲೇ ವಾಪಸು ಬರಬಹುದು. ಗಾಡಿ ಇಳಿಸಲು ಅಲ್ಲಿಯೂ ಒಪ್ಪಿಗೆ ಕೇಳಿ, ಇಳಿತದ ಹೊತ್ತು ನೋಡಿಕೊಳ್ಳಿ, ಮೀನುಗಾರರು ಬಲೆ ಎಳೆಯುವ ಜಾಗದಿಂದ ದೂರವಿರಿ. ಅದೇ ಸಂಜೆ ಬೇರಿಂಗುಗಳನ್ನು ಸಿಹಿನೀರಲ್ಲಿ ತೊಳೆದು ಗ್ರೀಸ್ ಹಾಕಿ, ಪಟವನ್ನು ನೆರಳಲ್ಲಿ ಒಣಗಿಸಿಯೇ ಮಡಚಿ.